ನೆಪಗಳ ಸಿನಿಮಾ

ಕನ್ನಡದ ಹುಡುಗರ ಹಾಸ್ಟೆಲುಗಳಲ್ಲಿ ನೀಲಿ ಚಿತ್ರಕ್ಕೆ ಒಂದು ಹೆಸರಿದೆ: 'ದೇವರ ಚಿತ್ರ'. ನಾನು ಈ ಮಾತನ್ನು ಮೊದಲು ಕೇಳಿದ್ದು ಎಂ.ಎ. ಓದುವಾಗ, ಸಹಪಾಠಿಯೊಬ್ಬ ಬಾಯಿ ತಪ್ಪಿ ಆಡಿದಾಗ. ಅವನು ಕೆಂಪಾದ, ನಾವು ನಕ್ಕೆವು. ಆದರೆ ಆ ಹೆಸರು ತಲೆಯಲ್ಲಿ ಉಳಿಯಿತು. ಹೇಳಬಾರದ ವಸ್ತುವಿಗೆ ಅತ್ಯಂತ ಹೇಳಬಹುದಾದ ಹೆಸರು. ಮನೆಯಲ್ಲಿ ಅಪ್ಪ ಫೋನಿನ ಆ ಕಡೆಯಿಂದ ಕೇಳಿಸಿಕೊಂಡರೂ ತೊಂದರೆಯಿಲ್ಲದ ಹೆಸರು. ಈಗ ನಾನು ಪಿಎಚ್‌ಡಿಗೆ ಓದುತ್ತಿರುವ ಸಿನಿಮಾಗಳಿಗೆಲ್ಲ ಮೂಲದಲ್ಲಿರುವುದು ಇಂಥದೇ ಒಂದು ಜಾಣತನ ಎಂದು ನನಗೆ ಅನ್ನಿಸತೊಡಗಿದೆ. ಅದನ್ನೇ ಇಲ್ಲಿ 'ನೆಪ' ಎಂದು ಕರೆಯುತ್ತಿದ್ದೇನೆ.

ನಾನಿರುವುದು ಮಲ್ಲತ್ತಹಳ್ಳಿಯಲ್ಲಿ, ಒಂದು ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಕೆಳಗೆ ಮಾಲೀಕರ ಸಂಸಾರ. ರಾತ್ರಿ ಹನ್ನೊಂದರ ಮೇಲೆ ಇಯರ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತೇನೆ. "ಏನಮ್ಮಾ, ರಾತ್ರಿಯೆಲ್ಲ ಲೈಟು ಉರೀತಿರುತ್ತೆ, ಅಷ್ಟೇನು ಓದ್ತೀಯಾ?" ಎಂದು ಆಂಟಿ ಒಮ್ಮೆ ಕೇಳಿದರು. "ಸಿನಿಮಾ ಬಗ್ಗೆ ಆಂಟಿ. ಹಳೇ ಸಿನಿಮಾ." "ಯಾವ್ದು, ರಾಜ್‌ಕುಮಾರ್‌ದಾ?" ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಆ ಹೊತ್ತಿಗೆ ನಾನು ನೋಡುತ್ತಿದ್ದದ್ದು ಎಪ್ಪತ್ತರ ದಶಕದ ಇಟಲಿಯ ಒಂದು ಕಾಮಪ್ರಧಾನ ಹಾಸ್ಯಚಿತ್ರ. ನನ್ನ ನೆಪ ಪಿಎಚ್‌ಡಿ.

ಅರವತ್ತರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಯುರೋಪಿನಲ್ಲಿ ಹರಿದುಬಂದ ಈ ಚಿತ್ರಗಳನ್ನು ಸಾಮಾನ್ಯವಾಗಿ 'ಎಕ್ಸ್‌ಪ್ಲಾಯ್ಟೇಶನ್' ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಹಣ ಮಾಡುವುದಕ್ಕೆ ಮೈಯನ್ನೋ ರಕ್ತವನ್ನೋ ಬಳಸಿಕೊಂಡ ಸಿನಿಮಾ ಎಂದು ಅರ್ಥ. ಅರ್ಥವೇನೋ ಸರಿ, ಆದರೆ ಅದರಿಂದ ಈ ಚಿತ್ರಗಳ ರಚನೆ ತಿಳಿಯುವುದಿಲ್ಲ. ಕೂತು ನೋಡಿದರೆ ಮೊದಲು ಕಾಣುವುದು ಬೆತ್ತಲೆಯಲ್ಲ, ಬೆತ್ತಲೆಗೆ ಕೊಡುವ ಕಾರಣ. ಪಶ್ಚಿಮ ಜರ್ಮನಿಯಲ್ಲಿ 1967ರಲ್ಲಿ ಬಂದ 'ಹೆಲ್ಗಾ' ಲೈಂಗಿಕ ಶಿಕ್ಷಣದ ಚಿತ್ರ. ಅದರ ಹಿಂದೆ ಇದ್ದದ್ದು ಸ್ವತಃ ಅಲ್ಲಿನ ಕೇಂದ್ರ ಆರೋಗ್ಯ ಸಚಿವಾಲಯ. ಹೆರಿಗೆಯನ್ನು ತೆರೆಯ ಮೇಲೆ ತೋರಿಸಿದ ಈ ಚಿತ್ರಕ್ಕೆ ಜನ ಮುಗಿಬಿದ್ದರು. ಮರುವರ್ಷ ಓಸ್ವಾಲ್ಟ್ ಕೋಲೆ ಎಂಬ ಪತ್ರಕರ್ತನ ಲೈಂಗಿಕ ಶಿಕ್ಷಣದ ಚಿತ್ರಗಳು ಶುರುವಾದವು. ತಜ್ಞರು ಗಂಭೀರವಾಗಿ ಚರ್ಚಿಸುತ್ತಾರೆ, ಆಮೇಲೆ ಚರ್ಚಿಸಿದ್ದನ್ನು ದಂಪತಿಗಳು ತೋರಿಸುತ್ತಾರೆ. ಬಿಳಿ ಕೋಟು ಇಲ್ಲಿ ಟಿಕೆಟ್ಟಿನ ಜೊತೆ ಕೊಡುವ ಮರ್ಯಾದೆ. ನಮ್ಮಲ್ಲೂ 1974ರಲ್ಲಿ ಹಿಂದಿಯ 'ಗುಪ್ತ ಜ್ಞಾನ್' ಇದೇ ಕೋಟು ತೊಟ್ಟು ಬಂತು.

ಇಟಲಿಯಲ್ಲಿ ನೆಪ ಸಾಹಿತ್ಯವಾಯಿತು. ಪಸೋಲಿನಿ 1971ರಲ್ಲಿ ಬೊಕಾಚಿಯೋನ 'ಡೆಕಾಮೆರಾನ್' ಕತೆಗಳನ್ನು ಸಿನಿಮಾ ಮಾಡಿದ. ರೈತರ, ಭಿಕಾರಿಗಳ, ಹಲ್ಲು ಬಿದ್ದ ಮುಖಗಳ ನಗುವಿನ ನಡುವೆ ಮೈ ಎನ್ನುವುದು ಅಲ್ಲಿ ಮಾರುಕಟ್ಟೆಗೆ ಬರುವ ಮುಂಚಿನ ಸಂತೋಷ. ಚಿತ್ರ ಗೆದ್ದದ್ದೇ ತಡ, ಕೆಲವೇ ವರ್ಷಗಳಲ್ಲಿ ಇಟಲಿಯ ಸ್ಟುಡಿಯೋಗಳಿಂದ ಡಜನ್‌ಗಟ್ಟಲೆ ಅಗ್ಗದ ಡೆಕಾಮೆರಾನ್‌ಗಳು ಹೊರಬಂದವು. ಮಧ್ಯಯುಗದ ಲಂಗ ತೊಡಿಸುವುದು, ತೆಗೆಸುವುದು, ಅಷ್ಟೇ ಕೆಲಸ. 1975ರಲ್ಲಿ ಪಸೋಲಿನಿ ತನ್ನ ಮೂರು ಚಿತ್ರಗಳ ಸರಣಿಯನ್ನೇ ನಿರಾಕರಿಸಿ ಬರೆದ. ಯಾವ ಮೈಯನ್ನು ತಾನು ಮುಗ್ಧವೆಂದು ನಂಬಿದ್ದನೋ ಅದನ್ನೂ ಬಂಡವಾಳ ನುಂಗಿತೆಂಬ ಹತಾಶೆ ಅದರಲ್ಲಿತ್ತು. ಅದೇ ವರ್ಷ ನವೆಂಬರಿನಲ್ಲಿ ಅವನ ಕೊಲೆಯಾಯಿತು. ತನ್ನ ಕಲೆ ಇನ್ನೊಬ್ಬರ ಸರಕಿಗೆ ನೆಪವಾಗುವುದನ್ನು ಕಣ್ಣಾರೆ ಕಂಡು ಹಿಂದೆ ಸರಿದ ನಿರ್ದೇಶಕ ಇನ್ನೊಬ್ಬ ನನಗೆ ನೆನಪಾಗುತ್ತಿಲ್ಲ.

ಸ್ವೀಡನ್ನಿನ 'ಐ ಆಮ್ ಕ್ಯೂರಿಯಸ್ (ಯೆಲ್ಲೋ)', 1967, ಇನ್ನೂ ತಮಾಷೆ. ಅಮೆರಿಕದ ಕಸ್ಟಮ್ಸ್ ಅಧಿಕಾರಿಗಳು ಅದನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿದರು, ಕೋರ್ಟು ಬಿಡಿಸಿತು, ನ್ಯೂಯಾರ್ಕಿನಲ್ಲಿ ಸಾಲು ಬೆಳೆಯಿತು. ಒಳಗೆ ಹೋದವರಿಗೆ ಸಿಕ್ಕದ್ದು ಮುಂದೆ ಪ್ರಧಾನಿಯಾಗಲಿದ್ದ ಓಲೋಫ್ ಪಾಲ್ಮೆಯ ಸಂದರ್ಶನ, ಮಾರ್ಟಿನ್ ಲೂಥರ್ ಕಿಂಗ್‌ನ ಚಿತ್ರಿಕೆ, ದಾರಿಹೋಕರಿಗೆ ವರ್ಗಭೇದದ ಬಗ್ಗೆ ಮೈಕು ಹಿಡಿದು ಕೇಳುವ ಒಬ್ಬ ಹುಡುಗಿ. ಬೆತ್ತಲೆ ಇದೆ, ಆದರೆ ಅದಕ್ಕಾಗಿ ಸಮಾಜವಾದವನ್ನು ಪೂರ್ತಿ ಕೇಳಬೇಕು. ಪ್ರೇಕ್ಷಕರು ಮೋಸಹೋದೆವೆಂದು ಗೊಣಗಿದರಂತೆ. ನನಗಂತೂ ಈ ಮೋಸ ತುಂಬ ಇಷ್ಟ.

ನಾನು ಮತ್ತೆ ಮತ್ತೆ ಹಿಂದಿರುಗುವ ಚಿತ್ರ ಇದಾವುದೂ ಅಲ್ಲ. ಅದು 1971ರ 'ಇಲ್ ಮೆರ್ಲೋ ಮಾಸ್ಕಿಯೋ', ಪಾಸ್ಕ್ವಾಲೆ ಫೆಸ್ಟಾ ಕಂಪನಿಲೆಯದು. ಲ್ಯಾಂಡೋ ಬುತ್ಸಾಂಕಾ ಒಬ್ಬ ಚೆಲ್ಲೋ ವಾದಕ. ಆರ್ಕೆಸ್ಟ್ರಾದಲ್ಲಿ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ, ನಿರ್ವಾಹಕನಂತೂ ಪ್ರತಿಸಲ ತಪ್ಪು ಹೆಸರಿನಿಂದ ಕರೆಯುತ್ತಾನೆ. ಹೆಂಡತಿ, ಲೌರಾ ಆಂಟೊನೆಲ್ಲಿ, ಚೆಲುವೆ. ಅವಳನ್ನು ಬೇರೆಯವರು ನೋಡಿ ಬೆರಗಾದರೆ ತನಗೂ ಬೆಲೆ ಬರುತ್ತದೆಂದು ಅವನಿಗೆ ಹೊಳೆಯುತ್ತದೆ. ಫೋಟೋ ತೆಗೆಯುತ್ತಾನೆ, ತೋರಿಸುತ್ತಾನೆ. ತೋರಿಸುವ ಹುಚ್ಚು ಏರುತ್ತಾ ಹೋಗಿ ಕೊನೆಗೆ ವೆರೋನಾದ ಪುರಾತನ ಬಯಲು ರಂಗಮಂದಿರದ ತನಕ ಮುಟ್ಟುತ್ತದೆ.

ಇದು ಬಹಳ ನಗಿಸುವ ಚಿತ್ರ. ಬಹಳ ಬುದ್ಧಿಯಿರುವ ಚಿತ್ರವೂ ಹೌದು. ಗಂಡಿನ ಕಾಮದ ಹಿಂದೆ ಕಾಮಕ್ಕಿಂತ ದೊಡ್ಡದಾಗಿ ಒಂದು ಅವಮಾನ ಕೂತಿರುತ್ತದೆ ಎಂದು ಅದಕ್ಕೆ ಗೊತ್ತು. ಕಚೇರಿಯಲ್ಲಿ ಯಾರೂ ಲೆಕ್ಕಕ್ಕಿಡದ ಗುಮಾಸ್ತ ಮನೆಗೆ ಬಂದು ಏನಾಗುತ್ತಾನೆ ಎಂಬುದರ ಬಗ್ಗೆ ಇದಕ್ಕಿಂತ ನಿಖರವಾದ ಕತೆಗಳು ಕಡಿಮೆ. ಆದರೆ ಚಿತ್ರ ಗಂಡನನ್ನು ಗೇಲಿ ಮಾಡುತ್ತ ಅವನು ಮಾಡಿದ್ದನ್ನೇ ಮಾಡುತ್ತದೆ. ಅವನು ಹೆಂಡತಿಯನ್ನು ಸ್ನೇಹಿತನಿಗೆ ತೋರಿಸುತ್ತಾನೆ, ನಿರ್ದೇಶಕ ಆಂಟೊನೆಲ್ಲಿಯನ್ನು ನಮಗೆ ತೋರಿಸುತ್ತಾನೆ. ವ್ಯಂಗ್ಯ ಇಲ್ಲಿ ನೆಪ. ಗಂಡಿನ ನೋಟವನ್ನು ವಿಮರ್ಶಿಸುತ್ತಿದ್ದೇವೆ ಎಂಬ ಸಮಾಧಾನದಲ್ಲಿ ಪ್ರೇಕ್ಷಕ ನಿರಾಳವಾಗಿ ನೋಡಬಹುದು. ಇದನ್ನು ಬರೆಯುವಾಗ ನನಗೆ ಎಲ್ಲೋ ಚುಚ್ಚುತ್ತದೆ: ನನ್ನ ಪ್ರಬಂಧದ ಎರಡನೇ ಅಧ್ಯಾಯ ಮಾಡುತ್ತಿರುವುದೂ ಬಹುಮಟ್ಟಿಗೆ ಅದನ್ನೇ.

ಇವತ್ತು ಈ ಚಿತ್ರಗಳಿಗೆ ಹೊಸ ಕಾಲ ಬಂದಿದೆ. ಸ್ಪೇನಿನ ಜೆಸ್ ಫ್ರಾಂಕೋ, ಫ್ರಾನ್ಸಿನ ಜ್ಯಾಂ ರೋಲಾಂ, ಪೋಲೆಂಡಿನಿಂದ ಪ್ಯಾರಿಸ್ಸಿಗೆ ಬಂದ ವಲೇರಿಯನ್ ಬೊರೊವ್‌ಚಿಕ್ ಇವರೆಲ್ಲರ ಚಿತ್ರಗಳು ನೆಗೆಟಿವ್‌ನಿಂದ ಶುಚಿಗೊಂಡು ದುಬಾರಿ ಬ್ಲೂ-ರೇ ಪೆಟ್ಟಿಗೆಗಳಲ್ಲಿ, ದಪ್ಪ ಪುಸ್ತಿಕೆಗಳ ಜೊತೆಗೆ ಮಾರಾಟವಾಗುತ್ತಿವೆ. ಜೆಫ್ರಿ ಸ್ಕಾನ್ಸ್ 1995ರಲ್ಲಿ ಬರೆದ ಒಂದು ಲೇಖನ ಈ ಬಗೆಯ 'ಕಸದ ಸಿನಿಮಾ'ದ ಅಭಿಮಾನಕ್ಕೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಒಳ್ಳೆಯ ರುಚಿ ಎನ್ನುವುದು ಯಾರ ರುಚಿ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಓದದೆ ಹೋಗಿದ್ದರೆ ಈ ವಿಷಯ ಆರಿಸಿಕೊಳ್ಳುವ ಧೈರ್ಯ ನನಗೂ ಬರುತ್ತಿರಲಿಲ್ಲ. ಆದರೆ ಅವನ ಹಿಂದೆ ಬಂದ ಅಭಿಮಾನಿ ಬರಹಗಳ ಬಗ್ಗೆ ನನಗೆ ತಕರಾರಿದೆ. ಅವು ಬಹುಪಾಲು ನಿರ್ದೇಶಕನನ್ನು ಉದ್ಧಾರ ಮಾಡುವ ಬರಹಗಳು. ಬೊರೊವ್‌ಚಿಕ್ ದೊಡ್ಡ ಆನಿಮೇಶನ್ ಕಲಾವಿದ, ಅನುಮಾನವಿಲ್ಲ. ಬೀರು, ಬೀಗ, ಬಾಚಣಿಗೆಗಳನ್ನು ಅವನ ಹಾಗೆ ನೋಡಿದವರಿಲ್ಲ. ಅವನೇ 1987ರಲ್ಲಿ 'ಎಮಾನ್ಯುಯೆಲ್ 5' ನಿರ್ದೇಶಿಸಬೇಕಾಗಿ ಬಂದದ್ದನ್ನು ಒಂದು ಪತನದ ಕತೆಯಾಗಿ ಹೇಳುತ್ತಾರೆ. ಗಂಡಸಿನ ಪತನಕ್ಕೆ ಪುಸ್ತಿಕೆಯಲ್ಲಿ ಹತ್ತು ಪುಟ. ನಟಿಯರಿಗೆ ಒಂದು ಚಿತ್ರಪಟ, ಅದರ ಕೆಳಗೆ ಒಂದು ಹೆಸರು.

'ಎಮಾನ್ಯುಯೆಲ್' ಎಂದೆ. 1974ರ ಆ ಫ್ರೆಂಚ್ ಚಿತ್ರದ ಬಗ್ಗೆ ಬೇಕಾದಷ್ಟು ಬರೆದಾಗಿದೆ, ನಾನು ಬೇಗ ಮುಗಿಸುತ್ತೇನೆ. ನಿರ್ದೇಶಕ ಜಸ್ಟ್ ಜೇಕಿನ್ ಫ್ಯಾಶನ್ ಛಾಯಾಗ್ರಾಹಕ, ಆದ್ದರಿಂದ ಎಲ್ಲವೂ ಪತ್ರಿಕೆಯ ಜಾಹೀರಾತಿನ ಹಾಗೆ ಹೊಳೆಯುತ್ತದೆ. ಬ್ಯಾಂಕಾಕಿನಲ್ಲಿ ಬೇಸರಗೊಂಡ ರಾಜತಾಂತ್ರಿಕರ ಹೆಂಡಂದಿರು, ಅವರ ಬಿಡುಗಡೆ. ಹೆಣ್ಣಿನ ಬಿಡುಗಡೆ ಎಂಬುದು ಆ ವರ್ಷಗಳ ಅತ್ಯಂತ ದೊಡ್ಡ ನೆಪ. ಬಿಡುಗಡೆಯಾಗುವವಳು ಬಿಳಿಯಳು, ಥಾಯ್ ಜನ ಅವಳ ಬಿಡುಗಡೆಯ ಸಾಮಾನು ಸರಂಜಾಮು. ಅದರಲ್ಲೂ ಅಫೀಮಿನ ಅಡ್ಡೆಯಲ್ಲಿ ನಡೆಯುವ ಅತ್ಯಾಚಾರವನ್ನು 'ದೀಕ್ಷೆ' ಎಂಬಂತೆ ತೋರಿಸುವ ಭಾಗವನ್ನು ನೋಡಿದ ಮೇಲೆ ಬಿಡುಗಡೆಯ ಮಾತಿಗೆ ಅರ್ಥ ಉಳಿಯುವುದಿಲ್ಲ. ಮರುವರ್ಷ ಇಟಲಿಯವರು ಹೆಸರಿನಿಂದ ಒಂದು 'ಎಂ' ತೆಗೆದು 'ಬ್ಲ್ಯಾಕ್ ಎಮಾನ್ಯುಯೆಲ್' ಮಾಡಿದರು. 'ಬ್ಲ್ಯಾಕ್' ಆಗಿ ನಟಿಸಿದವಳು ಇಂಡೊನೇಶ್ಯಾದಲ್ಲಿ ಹುಟ್ಟಿದ ಲೌರಾ ಗೆಮ್ಸರ್. ಬಿಳಿಯಲ್ಲದ ಬಣ್ಣಗಳೆಲ್ಲ ಅವರಿಗೆ ಒಂದೇ ಡಬ್ಬಿಯವು.

ಹಾಗೆಂದು ಈ ರೋಗ ಅಗ್ಗದ ಸಿನಿಮಾದ್ದು ಮಾತ್ರ ಅಂದುಕೊಳ್ಳಬಾರದು. ಬರ್ಟೊಲುಚಿಯ 'ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್', 1972, ಎಲ್ಲ ಚಲನಚಿತ್ರ ಪಠ್ಯಗಳಲ್ಲಿದೆ. ಚಿತ್ರೀಕರಣದ ಹೊತ್ತಿಗೆ ಮರಿಯಾ ಶ್ನೈಡರ್‌ಗೆ ಹತ್ತೊಂಬತ್ತು, ಮರ್ಲನ್ ಬ್ರಾಂಡೋಗೆ ನಲವತ್ತೆಂಟರ ಆಸುಪಾಸು. ಒಂದು ದೃಶ್ಯದ ಮುಖ್ಯ ವಿವರವನ್ನು ಅವಳಿಂದ ಮುಚ್ಚಿಟ್ಟು ಚಿತ್ರಿಸಿದರು. ಅದರಿಂದಾದ ಅವಮಾನದ ಬಗ್ಗೆ ಅವಳು 2007ರಲ್ಲೇ ಹೇಳಿದ್ದಳು. ನಟಿಯ ಅಭಿನಯ ಬೇಡ, ಹುಡುಗಿಯ ಪ್ರತಿಕ್ರಿಯೆ ಬೇಕಿತ್ತು ಎಂಬರ್ಥದ ಮಾತನ್ನು ನಿರ್ದೇಶಕ 2013ರಲ್ಲಿ ಆಡಿದ. ಅಷ್ಟರಲ್ಲಿ ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಇಲ್ಲಿ ನೆಪದ ಹೆಸರು 'ಕಲೆ'. ಎಲ್ಲ ನೆಪಗಳಿಗಿಂತ ಗಟ್ಟಿಯಾದದ್ದು ಅದು, ಯಾಕೆಂದರೆ ಅದನ್ನು ಕಾಯಲು ನಮ್ಮಂಥ ವಿಮರ್ಶಕರಿದ್ದೇವೆ.

ಈಗ ಬೆಂಗಳೂರಿಗೆ ಬರೋಣ. ಈ ಚಿತ್ರಗಳು ಇಲ್ಲಿ ಯಾರಿಗೂ ತಲುಪಲೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಎರಡು ದಾರಿಗಳಿದ್ದವು. ಒಂದು ಫಿಲಂ ಸೊಸೈಟಿ. 1971ರಲ್ಲಿ ಸುಚಿತ್ರ ಶುರುವಾಯಿತು, 1980ರಲ್ಲಿ ಬೆಂಗಳೂರಿನಲ್ಲೇ ಫಿಲ್ಮೋತ್ಸವ ನಡೆಯಿತು. ಸೊಸೈಟಿಗಳ, ಉತ್ಸವಗಳ ಪ್ರದರ್ಶನಕ್ಕೆ ಸೆನ್ಸಾರಿನ ಕತ್ತರಿಯಿಂದ ವಿನಾಯಿತಿ ಸಿಗುತ್ತಿತ್ತು. ಆ ವಿನಾಯಿತಿಯ ಸುದ್ದಿ ಸಿನಿಮಾ ವ್ಯಾಕರಣಕ್ಕಿಂತ ಬೇಗ ಹರಡುತ್ತಿತ್ತೆಂದು ಆ ಕಾಲದ ಹಿರಿಯರು ಈಗ ನಗುತ್ತಾ ಒಪ್ಪಿಕೊಳ್ಳುತ್ತಾರೆ. ಮಧ್ಯದಲ್ಲೇ ಎದ್ದು ಹೋಗುವವರ ಸಂಖ್ಯೆ ನೋಡಿ ಆ ದೃಶ್ಯ ಬಂದುಹೋಯಿತೋ ಇಲ್ಲವೋ ಹೇಳಬಹುದಿತ್ತಂತೆ. ಅವರನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಬೆತ್ತಲೆಗೆಂದು ಬಂದು ಬರ್ಗ್‌ಮನ್‌ನನ್ನು ಹಚ್ಚಿಕೊಂಡವರೂ ಅವರಲ್ಲಿದ್ದರು.

ಇನ್ನೊಂದು ದಾರಿ 'ಬಿಟ್'. ಇದರ ಬಗ್ಗೆ ನನಗೆ ತಿಳಿಸಿದ್ದು ನಿವೃತ್ತ ಪ್ರೊಜೆಕ್ಟರ್ ಆಪರೇಟರ್ ಒಬ್ಬರು. ನಾಗರಭಾವಿ ಕಡೆಯ ಒಂದು ಟೀ ಅಂಗಡಿಯಲ್ಲಿ ಪರಿಚಯವಾದವರು. ಒಂಟಿ ಪರದೆಯ ಎರಡು ಮೂರು ಚಿತ್ರಮಂದಿರಗಳಲ್ಲಿ ಕೆಲಸ ಮಾಡಿದ್ದರು. ಯಾವುವೆಂದು ಬರೆಯಬೇಡ ಎಂದು ಮೊದಲೇ ಹೇಳಿದರು. "ಏನ್ ತಾಯಿ, ಇದನ್ನೂ ಕಾಲೇಜಲ್ಲಿ ಓದ್ತೀರಾ?" ಎಂದು ನಾಚಿಕೊಂಡೇ ಶುರುಮಾಡಿ, ಯಂತ್ರದ ಮಾತು ಬಂದ ಕೂಡಲೇ ಪಾಠ ಹೇಳುವ ಮೇಷ್ಟರಾದರು. ಮೂವತ್ತೈದು ಎಂಎಂ ಫಿಲ್ಮು ನಿಮಿಷಕ್ಕೆ ತೊಂಬತ್ತು ಅಡಿ ಓಡುತ್ತದೆ. ಒಂದು ಬಿಟ್ಟು ಎಂದರೆ ಇನ್ನೂರು ಅಡಿ, ಎರಡು ನಿಮಿಷ ಚಿಲ್ಲರೆ. ಅದನ್ನು ರಿವೈಂಡರ್ ಮೇಲೆ ಕೂತು ಯಾವುದಾದರೂ ಸಿನಿಮಾದ ನಡುವೆ, ಸಾಮಾನ್ಯವಾಗಿ ಇಂಟರ್‌ವಲ್ ಆದಮೇಲಿನ ರೀಲಿಗೆ ಜಾಯಿಂಟ್ ಹಾಕುವುದು. ಗುರುತಿಗೆ ಒಂದು ಕಾಗದದ ಚೂರು. ತಪಾಸಣೆಯ ಸುಳಿವು ಸಿಕ್ಕರೆ ಕತ್ತರಿಸಿ ಡಬ್ಬಿಗೆ.

"ಅದು ಯಾವ ಸಿನಿಮಾದ್ದಿರ್ತಿತ್ತು?" ಎಂದು ಕೇಳಿದೆ.

"ಯಾವ ದೇಶದ್ದೋ ಯಾರಿಗ್ ಗೊತ್ತು. ಬಿಳೀ ಜನ. ಮಾತೂ ತಿಳೀತಿರ್ಲಿಲ್ಲ, ಸೌಂಡ್ ಕಮ್ಮಿ ಮಾಡ್ತಿದ್ವಿ."

ಈ ಮಾತಿನ ಮುಂದೆ ನನ್ನ ಅರ್ಧ ಸಿದ್ಧಾಂತ ನಿಂತಿದೆ. ಸೆನ್ಸಾರ್ ಮಂಡಳಿ ಒಂದು ಚಿತ್ರದಿಂದ ಮೈಯನ್ನು ಕತ್ತರಿಸಿ ನೆಪವನ್ನು ಉಳಿಸುತ್ತದೆ. ಆಪರೇಟರ್ ನೆಪವನ್ನು ಕತ್ತರಿಸಿ ಮೈಯನ್ನು ಉಳಿಸುತ್ತಾನೆ. ಹೆಲ್ಗಾಳ ವೈದ್ಯರು, ಪಸೋಲಿನಿಯ ಮಧ್ಯಯುಗ, ಪಾಲ್ಮೆಯ ಸಂದರ್ಶನ ಇಲ್ಲಿ ಯಾರಿಗೂ ಬೇಡ. ಬಿಟ್ಟು ಎಂದರೆ ನೆಪವೇ ಇಲ್ಲದ ಸಿನಿಮಾ. ಸುಳ್ಳಿಲ್ಲದ ಸಿನಿಮಾ ಎಂದು ಹೇಳಲು ನಾಲಿಗೆಯ ತುದಿಗೆ ಬರುತ್ತದೆ, ಆದರೆ ಅದು ತಪ್ಪು. ಆ ಎರಡು ನಿಮಿಷದಲ್ಲಿದ್ದ ಹೆಣ್ಣಿಗೆ ಹೆಸರಿಲ್ಲ, ಕತೆಯಿಲ್ಲ, ಈಗ ದನಿಯೂ ಇಲ್ಲ. ನೆಪ ಹೋದಾಗ ಅದರ ಜೊತೆ ಅವಳೂ ಹೋದಳು. ಎಷ್ಟೇ ಸುಳ್ಳಾಗಿರಲಿ, ನೆಪದೊಳಗೆ ಅವಳಿಗೊಂದು ಪಾತ್ರವಾದರೂ ಇತ್ತು. ಹೀಗಾಗಿ ನೆಪಗಳನ್ನು ಬಯಲು ಮಾಡುವುದಷ್ಟೇ ವಿಮರ್ಶೆ ಎಂದುಕೊಂಡಿದ್ದ ನಾನು ಅಲ್ಲಿ ಸ್ವಲ್ಪ ತಡವರಿಸಿದೆ. ಇತ್ತೀಚೆಗೆ ಮಲಯಾಳದ ಇಂಥ ಚಿತ್ರಗಳ ಬಗ್ಗೆ ದರ್ಶನಾ ಶ್ರೀಧರ್ ಮಿನಿ 'ರೇಟೆಡ್ ಎ' ಎಂಬ ಪುಸ್ತಕ ಬರೆದಿದ್ದಾರೆ, 2024ರದ್ದು. ಅಲ್ಲಿ ನಟಿಯರು, ತಂತ್ರಜ್ಞರು, ಹಂಚಿಕೆದಾರರು ಎಲ್ಲರೂ ದುಡಿಯುವ ಜನವಾಗಿ ಕಾಣುತ್ತಾರೆ. ಕನ್ನಡದಲ್ಲಿ ಅಂಥದೊಂದು ಪುಸ್ತಕ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕನ್ನಡದಲ್ಲಿ ಬರೆಯುವುದಾದರೆ ಶುರುಮಾಡಬೇಕಾದದ್ದು ಕಾಶೀನಾಥರ 'ಅನುಭವ'ದಿಂದ. 1984. ಅದಕ್ಕೂ ಮುಂಚೆ ನಮ್ಮಲ್ಲಿ ಹೆಣ್ಣಿನ ಬಯಕೆಯ ಸಿನಿಮಾ ಇರಲಿಲ್ಲವೆಂದಲ್ಲ. ಪುಟ್ಟಣ್ಣ ಕಣಗಾಲರ 'ಎಡಕಲ್ಲು ಗುಡ್ಡದ ಮೇಲೆ', 1973, ಭಾರತೀಸುತರ ಕಾದಂಬರಿಯಿಂದ ಬಂದದ್ದು. ಅದರಲ್ಲಿ ಜಯಂತಿ ಮಾಡಿದ ಮಾಧವಿಯ ಎದುರಿಗೆ ಎಮಾನ್ಯುಯೆಲ್ ಒಂದು ಫ್ಯಾಶನ್ ಗೊಂಬೆ. ಆದರೆ ಪುಟ್ಟಣ್ಣನವರಿಗೆ ಮರ್ಯಾದೆಯಿತ್ತು. ಕಾದಂಬರಿಯ ಬೆಂಬಲವಿತ್ತು, ಹಾಡಿತ್ತು, ಮಹಿಳಾ ಪ್ರೇಕ್ಷಕರಿದ್ದರು. ಕಾಶೀನಾಥರಿಗೆ ಇದಾವುದೂ ಇರಲಿಲ್ಲ. ಸಣಕಲು ಮೈ, ತಡವರಿಸುವ ಮಾತು, ಹೀರೋ ಅಲ್ಲದ ಮುಖ. ಅದನ್ನೇ ಅವರು ಬಂಡವಾಳ ಮಾಡಿಕೊಂಡರು. ರಾಜ್‌ಕುಮಾರ್ ಕಾಲದ ಕನ್ನಡ ತೆರೆಯ ಮೇಲೆ ಹೆಣ್ಣಿನ ಎದುರು ಬೆವರುವ ಗಂಡಸನ್ನು ನಾಯಕನಾಗಿ ನಿಲ್ಲಿಸಿದ್ದು ಸಣ್ಣ ವಿಷಯವಲ್ಲ. ಬುತ್ಸಾಂಕಾನ ಚೆಲ್ಲೋ ವಾದಕನನ್ನು ನೋಡಿದಾಗಲೆಲ್ಲ ನನಗೆ ಕಾಶೀನಾಥ್ ನೆನಪಾಗುತ್ತಾರೆ. ಇಬ್ಬರದೂ ಲೆಕ್ಕಕ್ಕಿಲ್ಲದ ಗಂಡಸಿನ ಹಾಸ್ಯ.

'ಅನುಭವ'ದ ನೆಪ ಸಮಾಜ ಸುಧಾರಣೆ. ಎಳವೆಯ ಮದುವೆ, ದಾಂಪತ್ಯವೆಂದರೇನೆಂದೇ ಅರಿಯದ ಹೆಂಡತಿ, ತಾಳ್ಮೆಗೆಟ್ಟ ಗಂಡ, ಪಕ್ಕದಲ್ಲಿ ಎಲ್ಲ ಬಲ್ಲ ಒಬ್ಬ ಹೆಣ್ಣು. ಜನರಿಗೆ ತಿಳುವಳಿಕೆ ಬೇಕು ಎನ್ನುವ ಕಾಶೀನಾಥರ ಮಾತು ಪೂರ್ತಿ ಸುಳ್ಳಲ್ಲ. ನನ್ನ ಅಜ್ಜಿಯರ ಕತೆ ಕೇಳಿದ್ದೇನೆ, ಆ ಕತ್ತಲು ನಿಜವಾಗಿತ್ತು. ಓಸ್ವಾಲ್ಟ್ ಕೋಲೆಯ ಬಿಳಿ ಕೋಟಿಗಿಂತ ಕಾಶೀನಾಥರ ನೆಪ ತನ್ನ ಊರಿಗೆ ಹೆಚ್ಚು ಪ್ರಾಮಾಣಿಕ. ಆದರೆ ನೋಡುತ್ತ ಹೋದರೆ ಆ ಹೆಂಡತಿಯ ಅರಿಯದಿರುವಿಕೆಯೇ ಚಿತ್ರದ ನಗೆಯ ಸರಕಾಗುತ್ತದೆ. ಯಾವುದನ್ನು ಖಂಡಿಸಬೇಕೋ ಅದರಿಂದಲೇ ನಗೆ ಹಿಂಡುವಾಗ ನನಗೆ ತಡೆಯಲಾಗದ ಕಸಿವಿಸಿ. ಇದನ್ನು ಕಾಲದ ಮೇಲೆ ಹಾಕಿ ಮುಂದೆ ಹೋಗಲು ನನ್ನಿಂದಾಗದು. ಅದೇ 1984ರಲ್ಲಿ ಗಿರೀಶ್ ಕಾರ್ನಾಡರ ಹಿಂದಿ 'ಉತ್ಸವ್' ಬಂತು. ಅಲ್ಲಿ ನೆಪ ಶೂದ್ರಕನ ಸಂಸ್ಕೃತ ನಾಟಕ. ರೇಖಾಳ ವಸಂತಸೇನೆಯ ಒಡವೆಗಳ ಬಗ್ಗೆ ಇಂಗ್ಲಿಷ್ ಪತ್ರಿಕೆಗಳು ಸೌಂದರ್ಯಶಾಸ್ತ್ರ ಮಾತಾಡಬಹುದಿತ್ತು. 'ಅನುಭವ'ದ ಬಗ್ಗೆ ಮಾತಾಡಲು ಯಾರಿಗೂ ಶಾಸ್ತ್ರ ಇರಲಿಲ್ಲ. 2018ರ ಜನವರಿಯಲ್ಲಿ ಕಾಶೀನಾಥ್ ತೀರಿಕೊಂಡಾಗ ನಾನು ಓದಿದ ನುಡಿನಮನಗಳಲ್ಲಿ ಉಪೇಂದ್ರ, ವಿ. ಮನೋಹರ್ ಮೊದಲಾದವರನ್ನು ಬೆಳೆಸಿದ ಗುರುವಿನ ಬಗ್ಗೆ ಪ್ರೀತಿಯಿತ್ತು. ಈ ಚಿತ್ರದ ಹತ್ತಿರ ಬಂದಾಗ ಎಲ್ಲರ ಪೆನ್ನೂ ಒಂದು ಸಾಲು ಜಿಗಿಯುತ್ತಿತ್ತು.

ಆ ಎಲ್ಲ ಬಲ್ಲ ಹೆಣ್ಣಿನ ಪಾತ್ರ ಮಾಡಿದವರು ಉಮಾಶ್ರೀ. ನನ್ನ ಓದು ತಿರುಗಿದ್ದು ಇಲ್ಲಿಯೇ. ಮಸುಕಾದ ಪ್ರತಿಯಲ್ಲೇ ನೋಡಿದರೂ ಒಂದು ವಿಷಯ ಸ್ಪಷ್ಟ: ಚಿತ್ರ ಆ ಪಾತ್ರವನ್ನು ನೋಡಿಸಿಕೊಳ್ಳುವುದಕ್ಕೆ ಇಟ್ಟಿದೆ, ಆದರೆ ಉಮಾಶ್ರೀ ಅದನ್ನು ನೋಡುವವಳನ್ನಾಗಿ ಮಾಡುತ್ತಾರೆ. ಅವರದು ರಂಗಭೂಮಿಯಲ್ಲಿ ಪಳಗಿದ ಮೈ ಮತ್ತು ದನಿ. ಕ್ಯಾಮೆರಾ ಹತ್ತಿರ ಬಂದಾಗ ನಾಚಿ ಮುದುಡುವ ಬದಲು ಹಿಂದಿನ ಬೆಂಚಿಗೂ ಕೇಳಿಸಬೇಕೆಂಬಂತೆ ಮಾತು ಬೀಸುತ್ತಾರೆ. ಪ್ಯಾರಿಸ್ಸಿನಲ್ಲಿ ಕ್ರಿಸ್ಟೆಲ್‌ಳಿಗೆ ಹೇಳಿದ್ದು ಕನಸಿನಲ್ಲಿರುವಂತೆ ಇರು ಎಂದಿರಬೇಕು, ಹಾಗಿದ್ದಾಳೆ. ಇಲ್ಲಿ ಕನಸಿಲ್ಲ. ತನ್ನ ಹಸಿವಿನ ಬಗ್ಗೆ ಊಟದ ಬಗ್ಗೆ ಮಾತಾಡುವಷ್ಟೇ ಸಲೀಸಾಗಿರುವ ಒಬ್ಬ ಹಳ್ಳಿ ಹೆಂಗಸಿದ್ದಾಳೆ. ಚಿತ್ರ ಅವಳನ್ನು ಎಚ್ಚರಿಕೆಯ ಉದಾಹರಣೆಯಾಗಿ ಬಳಸಿಕೊಳ್ಳುತ್ತದೆ. ಅವಳು ಮಾತ್ರ ಚಿತ್ರದಲ್ಲಿ ಬದುಕಿರುವ ಒಂದೇ ಜೀವದ ಹಾಗೆ ಓಡಾಡಿಕೊಂಡಿದ್ದಾಳೆ.

ಅದಾದ ಮೇಲೆ ಉದ್ಯಮ ಅವರಿಗೆ ಕೊಟ್ಟದ್ದೇನು ಎಂಬುದು ಎಂಬತ್ತು ತೊಂಬತ್ತರ ದಶಕದ ಕನ್ನಡ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ವರ್ಷಗಟ್ಟಲೆ ದ್ವಂದ್ವಾರ್ಥದ ಹಾಸ್ಯ ಪಾತ್ರಗಳು. ಇತ್ತ ರಂಗದ ಮೇಲೆ ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನಾಗಿ ಅವರು ಜನರನ್ನು ಅಳಿಸುತ್ತಿದ್ದರು. ಒಬ್ಬಳೇ ನಟಿ, ಒಂದೇ ಬಾಯಿ. ವಿಮರ್ಶಕರು ಸಾಕವ್ವನಿಗೆ ಚಪ್ಪಾಳೆ ತಟ್ಟಿ ಸಿನಿಮಾದವಳನ್ನು ಕಾಣದಂತಿದ್ದರು. ಆಮೇಲೆ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಬಂತು, 2008. ವೈದೇಹಿಯವರ ಕತೆಯಿಂದ ಹೊರಟ ಆ ಚಿತ್ರದಲ್ಲಿ ಸಿನಿಮಾ ನೋಡುವ ಹುಚ್ಚಿನ ಸೂಲಗಿತ್ತಿಯಾಗಿ ಅವರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. 'ಅನುಭವ'ದಲ್ಲಿ ನೋಡುತ್ತಿದ್ದವಳೇ ಇಲ್ಲೂ ನೋಡುತ್ತಿದ್ದಾಳೆ. ಗುಲಾಬಿ ಕತ್ತಲಲ್ಲಿ ಕೂತು ಪರದೆಯನ್ನು ನುಂಗುವ ಆ ಕಣ್ಣುಗಳು ಕಲಾತ್ಮಕ ಸಿನಿಮಾ ಹುಟ್ಟಿಸಿದ್ದಲ್ಲ, ಮೊದಲಿಂದಲೂ ಇದ್ದವು ಎಂಬುದು ನನ್ನ ವಾದ.

ಲೌರಾ ಆಂಟೊನೆಲ್ಲಿಯ ದಾರಿ ಬೇರೆಯಾಯಿತು. ವಿಸ್ಕೊಂತಿಯ ಕೊನೆಯ ಚಿತ್ರದಲ್ಲಿ, 1976ರಲ್ಲಿ, ಅವಳು ಏನು ಮಾಡಬಲ್ಲಳೆಂದು ತೋರಿಸಿದಳು. ಆದರೂ ಇಟಲಿಗೆ ಅವಳು ಬೇಕಾಗಿದ್ದದ್ದು ಒಂದೇ ರೀತಿಯಲ್ಲಿ. 1991ರಲ್ಲಿ ಮನೆಯಲ್ಲಿ ಕೊಕೇನ್ ಸಿಕ್ಕಿತೆಂದು ಬಂಧನವಾಯಿತು, ಶಿಕ್ಷೆಯಾಯಿತು. ವರ್ಷಗಳ ನಂತರ ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು, ಆಮೇಲೆ ಪರಿಹಾರವನ್ನೂ ಕೊಡಿಸಿತು. 2015ರಲ್ಲಿ ರೋಮ್ ಹತ್ತಿರದ ಒಂದು ಪಟ್ಟಣದಲ್ಲಿ ಒಂಟಿಯಾಗಿ ತೀರಿಕೊಂಡಳು. ಅವಳ ಚಿತ್ರಗಳ ಬ್ಲೂ-ರೇ ಈಗ ಚೆನ್ನಾಗಿ ಮಾರಾಟವಾಗುತ್ತದೆ.

ಉಮಾಶ್ರೀ 2013ರಿಂದ 2018ರವರೆಗೆ ಕರ್ನಾಟಕದ ಸಚಿವೆಯಾಗಿದ್ದರು. ಖಾತೆಗಳಲ್ಲಿ ಒಂದು ಕನ್ನಡ ಮತ್ತು ಸಂಸ್ಕೃತಿ. ನನ್ನ ಕೋಣೆಯಿಂದ ನಡೆದರೆ ಕಲಾಗ್ರಾಮ ಸಿಗುತ್ತದೆ. ಜ್ಞಾನಭಾರತಿಗೆ ಹೋಗುವಾಗ ಎಷ್ಟೋ ಸಲ ಆ ಕಡೆಯಿಂದಲೇ ಹೋಗುತ್ತೇನೆ. 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿಯವರ ಅಂತ್ಯಕ್ರಿಯೆ ಅಲ್ಲೇ ನಡೆಯಿತು. ಅವರ 'ಸಂಸ್ಕಾರ' ಸಿನಿಮಾ ಆದಾಗ, 1970ರಲ್ಲಿ, ಮೊದಲು ಸೆನ್ಸಾರ್ ಅನುಮತಿ ನಿರಾಕರಿಸಿತ್ತು, ನಂತರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು. ಚಂದ್ರಿಯ ಆ ರಾತ್ರಿಯ ಬಗ್ಗೆ ಕನ್ನಡದಲ್ಲಿ ಐವತ್ತು ವರ್ಷದಿಂದ ಸೆಮಿನಾರು ನಡೆಯುತ್ತಿದೆ. ಚಂದ್ರಿಯನ್ನು ಓದಲು ಕಲಿಸಿದ ನಮ್ಮ ವಿಮರ್ಶೆ 'ಅನುಭವ'ದ ಆ ಹೆಣ್ಣನ್ನು ಯಾಕೆ ಓದಲಿಲ್ಲ? ಒಂದು ಸೆಮಿನಾರಿನಲ್ಲಿ ಇದನ್ನು ಕೇಳಿದಾಗ ಹಿರಿಯರೊಬ್ಬರು, "ಇಂಥದ್ದಕ್ಕೆಲ್ಲ ಪಿಎಚ್‌ಡಿ ಬೇಕೇನಮ್ಮಾ?" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ, ಅದೇ ಈಗ ಬೇಸರ.

ನನ್ನ ಪ್ರಬಂಧದ ಮೂರನೇ ಅಧ್ಯಾಯ ಒಂದು ಊಹೆಯ ಮೇಲೆ ನಿಂತಿತ್ತು. ಯುರೋಪಿನ ಚಿತ್ರಗಳು ಒಂದು ಹಂತದಲ್ಲಿ ದಂಪತಿಗಳನ್ನು, ಹೆಂಗಸರನ್ನೂ ಕರೆದವು. 'ಎಮಾನ್ಯುಯೆಲ್'ಗೆ ಅಮೆರಿಕದಲ್ಲಿ ಮಾಡಿದ ಪ್ರಚಾರವೇ ಅದು. ನಮ್ಮಲ್ಲಿ ಅಂಥ ಚಿತ್ರದ ಪ್ರೇಕ್ಷಕ ಗಂಡಸು ಮಾತ್ರ, ನನ್ನಂಥ ನೋಡುಗಳನ್ನು ಅದು ಎಣಿಸಿಯೇ ಇರಲಿಲ್ಲ ಎಂದು ಬರೆದಿದ್ದೆ. ಹದಿನೆಂಟು ಪುಟ.

ಹೋದ ವರ್ಷ ಒಂದು ಸಂಜೆ ಬಾಡಿಗೆ ಕೊಡಲು ಕೆಳಗೆ ಹೋದೆ. ಟಿವಿಯಲ್ಲಿ 'ಪುಟ್ಟಕ್ಕನ ಮಕ್ಕಳು' ಬರುತ್ತಿತ್ತು. ಪುಟ್ಟಕ್ಕನಾಗಿ ಉಮಾಶ್ರೀ ಮೆಸ್ಸಿನ ಒಲೆಯ ಮುಂದೆ ನಿಂತಿದ್ದರು. "ಇವರ ಮೇಲೇ ಆಂಟಿ ನಾನು ಬರೀತಿರೋದು" ಎಂದುಬಿಟ್ಟೆ, ಯಾವ ಧೈರ್ಯದಲ್ಲೋ.

"ಹೌದಾ? ಇವಳ ಅನುಭವ ನೋಡಿದ್ಯಾ?"

ನನಗೆ ಉತ್ತರ ಹೊಳೆಯಲಿಲ್ಲ.

"ನಾನೂ ನಮ್ಮ ಓರಗಿತ್ತೀನೂ ಹೋಗಿದ್ವಿ. ಮದುವೆಯಾದ ಹೊಸತು. ನಮ್ಮೂರ ಟೆಂಟಲ್ಲಿ. ಅತ್ತೆಗೆ ಭಕ್ತಿ ಪಿಚ್ಚರ್ ಅಂತ ಹೇಳಿ." ಇಲ್ಲಿ ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಹೆಂಗಸರ ಕಡೆ ಇನ್ನೂ ಎಷ್ಟೋ ಜನ ಇದ್ರು. ಗಂಡಸರೆಲ್ಲ ಆ ಹುಡುಗೀನ ನೋಡಿ ನಗೋರು. ನಮಗೆ ನಗು ಬರ್ತಿದ್ದದ್ದು ಕಾಶೀನಾಥನ್ನ ನೋಡಿ. ಇವಳು ಬಂದಾಗ ಮಾತ್ರ ನಮ್ಮ ಓರಗಿತ್ತಿ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಕೂತಿರೋಳು."

"ಯಾಕೆ ಆಂಟಿ?"

"ಅದನ್ನ ನಾನ್ ಹೆಂಗ್ ಹೇಳ್ಲಿ. ಅವಳನ್ನೇ ಕೇಳ್ಬೇಕು, ತಿಪಟೂರಲ್ಲಿದ್ದಾಳೆ." ಅಷ್ಟರಲ್ಲಿ ಜಾಹೀರಾತು ಮುಗಿಯಿತು, ಅವರು ಕೈಸನ್ನೆಯಲ್ಲೇ ಕೂರು ಎಂದರು. ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಮಾರ್ಗದರ್ಶಕರಿಗೆ ಇನ್ನೂ ಹೇಳಿಲ್ಲ. ಬರುವ ತಿಂಗಳು ಆಂಟಿಯ ಜೊತೆ ತಿಪಟೂರಿಗೆ ಹೋಗುವುದೆಂದಾಗಿದೆ, ಅಲ್ಲಿ ಯಾರದೋ ಮನೆಯ ಗೃಹಪ್ರವೇಶವಿದೆಯಂತೆ.